ನೆಲದ ಪಾಲು

“ಮಾಮಿ, ನೀವು ಒಂದೇ ಒಂದು ಮಾತು ಹೇಳಿದ್ರೆ ಸಾಕು. ಕಡವೆಗೆ ಗುಂಡು ಹೊಡೆದದ್ದು ನಾನು ಅಂತ. ಮತ್ತಿನದ್ದೆಲ್ಲ ನಾನು ನೋಡಿಕೊಳ್ತೇನೆ.”

ಒಂದು ಲೋಟ ನೀರು ಕೇಳುವಷ್ಟು ಸಲೀಸಾಗಿ ಜಿತೇಶ್ ಇದನ್ನು ಕೇಳಿದ. ಒಳಗೆ ಕೆಡ್ಡಸ ಹಬ್ಬಕ್ಕೆ ಹಂಚುವ ನನ್ನೆರಿಯ ಹುಡಿಗೆಂದು ಕುಚ್ಚಲಕ್ಕಿ ಹುರಿಯುತ್ತಿದ್ದ ಕಾಂತಿ ಸಟ್ಟುಗ ಹಿಡಿದುಕೊಂಡೇ ಜಗಲಿಗೆ ಬಂದಿದ್ದಳು. ತೀರಿಹೋದ ಗಂಡನ ಅಕ್ಕನ ಮಗ ಇವನು. ಹೊಸ ಬೈಕು ತಂದ ದಿನ ಮೊದಲು ಅವಳ ಅಂಗಳಕ್ಕೇ ಬಂದು ಹಾರ್ನ್ ಹಾಕಿದವನು. ಅವನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಜಗಲಿಯ ಆ ತುದಿಯಲ್ಲಿ ಎಂಬತ್ತು ದಾಟಿದ ಶೀನಪ್ಪ ಕೂತಿದ್ದರು. ಒಂದು ಕಾಲದಲ್ಲಿ ಊರಿನ ಬೇಟೆಗೆಲ್ಲ ಅವರೇ ಯಜಮಾನರು. ತನ್ನ ಮಾತಿಗೆ ಒಂದಿಷ್ಟು ತೂಕ ಬರಲಿ ಎಂದು ಜಿತೇಶ್ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದ.

ಆಗಿದ್ದ ಎಡವಟ್ಟು ಇಷ್ಟೆ. ನಿನ್ನೆ ಸೋಮವಾರ ಕೆಡ್ಡಸದ ಮೊದಲ ದಿನ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಈ ಮೂರು ದಿನ ತುಳುನಾಡಿನಲ್ಲಿ ಯಾರೂ ನೆಲಕ್ಕೆ ಗುದ್ದಲಿ ತಾಗಿಸುವುದಿಲ್ಲ, ಹಸಿರು ಕೊಯ್ಯುವುದಿಲ್ಲ. ಗದ್ದೆ ಕೆಲಸವಿಲ್ಲದ ಗಂಡಸರು ಹಿಂದೆಲ್ಲ ಕಾಡಿಗೆ ಬೇಟೆಗೆ ಹೋಗುತ್ತಿದ್ದರು. ಕಾನೂನು ಬಂದು ಆ ಬೇಟೆ ನಿಂತು ಎಷ್ಟೋ ವರ್ಷವಾಯಿತು, ಅಂದರೆ ಕಾಗದದಲ್ಲಿ ನಿಂತಿತು. ನಿನ್ನೆ ಜಿತೇಶನ ಗುಂಪು ಒಂದು ಕಡವೆಯನ್ನು ಎಬ್ಬಿಸಿ ಓಡಿಸಿಕೊಂಡು ಬಂದು ಕಾಂತಿಯ ಅಲಸಂಡೆ ಗದ್ದೆಯ ಅಂಚಿನಲ್ಲಿ ಉರುಳಿಸಿತು. ಸಂಜೆಯೊಳಗೆ ಮಾಂಸ ಪಾಲಾಯಿತು.

ಪಾಲಿಗೆ ಈ ಊರಿನಲ್ಲಿ ಒಂದು ಕ್ರಮ ಉಂಟು. ಜನ ಎಣಿಸುವುದಲ್ಲ, ಬಾಗಿಲು ಎಣಿಸುವುದು. ಒಂದು ಬಾಗಿಲು ತಪ್ಪಿದರೂ ಮುಂದಿನ ಬೇಟೆಗೆ ಹೋದವರು ಬರಿಗೈಯಲ್ಲಿ ಬರುತ್ತಾರೆ ಎಂದು ನಂಬಿಕೆ. ಹಾಗಾಗಿ ಜಿತೇಶ್ ಹಿಂದಿನ ದಿನವೇ ಕೊಯ್ದಿಟ್ಟ ತೇಗದ ಎಲೆಯ ಪೊಟ್ಟಣಗಳನ್ನು ಹಿಡಿದುಕೊಂಡು ಇಪ್ಪತ್ತಮೂರು ಬಾಗಿಲಿಗೂ ತೂಗುಹಾಕಿದ. ಇಪ್ಪತ್ತಮೂರನೆಯದು ಹಾಲಿನ ಡಿಪೋದ ಪಕ್ಕದ ಕೋಣೆಯದು. ಅಲ್ಲಿ ಈಗ ಬಾಡಿಗೆಗೆ ಇರುವವಳು ಮೋಕ್ಷಿತಾ, ಫಾರೆಸ್ಟ್ ಗಾರ್ಡ್!

ಅದು ಅವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಗ್ಗೆ ಇಬ್ಬರೂ ಒಂದೇ ಡಿಪೋದಲ್ಲಿ ಹಾಲಿಗೆ ನಿಲ್ಲುತ್ತಿದ್ದರು. ಆದರೆ ಬೇಟೆ ಸಿಕ್ಕಿದ ಹುಮ್ಮಸ್ಸಿನಲ್ಲಿ ಪಾಲು ಹಂಚುವ ಕೈಗೆ ಬುದ್ಧಿ ಎಲ್ಲಿಂದ ಬರಬೇಕು? ಬಾಗಿಲು ಕಂಡಿತು, ಚಿಲಕಕ್ಕೆ ಪೊಟ್ಟಣ ಸಿಕ್ಕಿಸಿತು. ಡ್ಯೂಟಿ ಮುಗಿಸಿ ಬಂದ ಮೋಕ್ಷಿತಾ ಬಿಚ್ಚಿ ನೋಡಿದಳು. ಇವತ್ತು ಬೆಳಗಾಗುತ್ತಲೇ ಮನೆಮನೆಗೆ ಹೋಗಿ ಕೇಳಿದಳು. ಎಲ್ಲರೂ ಮೊದಲೇ ಮಾತಾಡಿಕೊಂಡವರಂತೆ “ಅದು ಕುರಿ ಮಾಂಸ” ಎಂದರು. ತಿಂದವರು ಇನ್ನೇನು ಹೇಳಿಯಾರು?

“ನಿಮ್ಮ ಕೋವಿಗೆ ಲೈಸೆನ್ಸ್ ಉಂಟು ಮಾಮಿ,” ಜಿತೇಶ್ ತಿಳಿಹೇಳುವ ದನಿಯಲ್ಲಿ ಮುಂದುವರಿಸಿದ. “ಬೆಳೆ ಕಾಯ್ಲಿಕ್ಕೆ ಅಂತಲೇ ಕೊಟ್ಟದ್ದು. ಬಿದ್ದದ್ದೂ ನಿಮ್ಮ ಗದ್ದೆಯಲ್ಲಿ. ಗಂಡ ಇಲ್ಲದ ಹೆಂಗಸು, ಅಲಸಂಡೆ ತಿನ್ಲಿಕ್ಕೆ ಬಂತು, ಹೆದರಿ ಹೊಡೆದ್ರು ಅಂದ್ರೆ ಮುಗೀತು. ದಂಡ ಕಟ್ಟಿಸಿ ಬಿಡ್ತಾರೆ. ನನ್ನ ಕೋವಿಗೆ ಕಾಗದ ಇಲ್ಲ. ನನ್ನನ್ನು ಬಿಡ್ಲಿಕ್ಕಿಲ್ಲ.”

ಗಂಡನ ಕಾಲದ ಆ ಕೋವಿ ಕಾಂತಿಯ ಹೆಸರಿಗೆ ಬಂದು ಏಳು ವರ್ಷ. ಚುನಾವಣೆ ಬಂದಾಗಲೆಲ್ಲ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಠಾಣೆಯಲ್ಲಿ ಇಟ್ಟು ಬರುವುದು, ಮುಗಿದ ಮೇಲೆ ತರುವುದು, ಇಷ್ಟೇ ಅವಳಿಗೂ ಅದಕ್ಕೂ ಇದ್ದ ಸಂಬಂಧ. ಅದರಿಂದ ಒಂದು ಕಾಗೆಯನ್ನೂ ಅವಳು ಹೆದರಿಸಿದವಳಲ್ಲ.

“ನಿನ್ನೆ ಆ ಹೊತ್ತಿಗೆ ನಾನು ಮೂಡಬಿದಿರೆಯಲ್ಲಿದ್ದೆ. ಭಾನುವಾರ ಕೊಯ್ದ ಅಲಸಂಡೆ ಮಾರ್ಲಿಕ್ಕೆ ಹೋದವಳು ಮೂಸಾ ಬ್ಯಾರಿಯ ಅಂಗಡಿಯಲ್ಲಿ ಚಾ ಕುಡೀತಾ ಇದ್ದೆ,” ಎಂದಳು ಕಾಂತಿ.

“ಅದನ್ನೆಲ್ಲ ಯಾರು ಕೇಳ್ತಾರೆ ಮಾಮಿ? ಮತ್ತೆ, ನೀವೇ ಹೇಳಿದ್ದಲ್ವಾ? ಹೋದ ತಿಂಗಳು ಡಿಪೋದಲ್ಲಿ ಎಲ್ಲರ ಎದುರು. ಒಂದನ್ನಾದ್ರೂ ಹೊಡೆದು ಹಾಕಿ ಮಾರಾಯ್ರೆ, ನನಗೆ ಸಾಕಾಗಿ ಹೋಯ್ತು ಅಂತ.”

ಹೇಳಿದ್ದು ಹೌದು. ಸುಳ್ಳಲ್ಲ. ಎರಡು ತಿಂಗಳಿನಿಂದ ಕಡವೆಗಳು ಅವಳ ಜೀವ ಹಿಂಡಿದ್ದವು. ಸಾಲಿಗೆ ಸಾಲು ಬಳ್ಳಿ ಎಳೆದು ತಿಂದು, ತಿನ್ನದ್ದನ್ನು ತುಳಿದು ಹೋಗುತ್ತಿದ್ದವು. ಗದ್ದೆಯ ಸುತ್ತ ಹಳೇ ಸೀರೆ ಕಟ್ಟಿದಳು, ಡಬ್ಬ ಬಡಿದಳು, ಕ್ಷೌರದಂಗಡಿಯ ಕೂದಲು ತಂದು ಬೇಲಿಗೆ ಉದುರಿಸಿದಳು. ಪರಿಹಾರಕ್ಕೆಂದು ಐದು ಅರ್ಜಿ ಬರೆದಳು. ಐದಕ್ಕೂ ಉತ್ತರವಿಲ್ಲ. ಬೆಳಗ್ಗೆ ತುಳಿದ ಸಾಲಿನ ಎದುರು ನಿಂತು ಆ ಪ್ರಾಣಿಗಳ ವಂಶಕ್ಕೇ ಅವಳು ಹಾಕುತ್ತಿದ್ದ ಶಾಪ ಗದ್ದೆಯ ಬದಿಯಲ್ಲಿ ಹರಿಯುವ ತೋಡಿನ ಆಚೆಯವರಿಗೂ ಕೇಳುತ್ತಿತ್ತು.

“ಹೇಳಿದ್ದೇನೆ. ಹೊಟ್ಟೆ ಉರಿದು ಹೇಳಿದ್ದು. ಇವತ್ತೂ ಉರೀತಾ ಉಂಟು. ಹಾಗಂತ ನೀನು ಹೊಡೆದದ್ದನ್ನು ನಾನು ಹೊಡೆದದ್ದು ಅಂತ ಹೇಳುವುದಾ?”

“ನಿಮಗೋಸ್ಕರವೇ ಹೊಡೆದದ್ದು ಮಾಮಿ.”

ಕಾಂತಿಗೆ ಮೈಯೆಲ್ಲ ಉರಿದುಹೋಯಿತು. ಜಗಲಿಯ ಮೊಳೆಯಲ್ಲಿ ನಿನ್ನೆಯಿಂದ ಬಿಚ್ಚದೆ ತೂಗುತ್ತಿದ್ದ ಪೊಟ್ಟಣವನ್ನು ಅವಳು ಸಟ್ಟುಗದಿಂದಲೇ ತೋರಿಸಿದಳು. ಉಳಿದವರದಕ್ಕಿಂತ ಅದು ದೊಡ್ಡದು. ಪ್ರಾಣಿ ಯಾರ ನೆಲದಲ್ಲಿ ಬೀಳುತ್ತದೋ ಅವರಿಗೆ ಒಂದು ಪಾಲು ಹೆಚ್ಚು. ಅದಕ್ಕೆ ನೆಲದ ಪಾಲು ಎಂದೇ ಹೆಸರು.

“ನನಗೆ ಪಾಲು ತಂದಿಟ್ಟೆಯಲ್ಲ, ತೋಡಿನ ಬದಿಯಲ್ಲಿ ಬಿಸಾಡಿದ್ದು ಯಾರ ಪಾಲು?”

ಶೀನಪ್ಪ ತಲೆಯೆತ್ತಿದರು.

“ನಿಮಗೆ ಹೇಳಿಲ್ವಾ ಶೀನಪ್ಪಣ್ಣ? ಅದು ಗಬ್ಬದ ಕಡವೆ. ಹೊಟ್ಟೆಯೊಳಗಿನ ಮರಿಯನ್ನು ಇವರು ಚೀಲದ ಸಮೇತ ತೆಗೆದು ತೋಡಿನ ಬದಿಗೆ ಬಿಸಾಡಿ, ಮೇಲೆ ನಾಲ್ಕು ಎಲೆ ಮುಚ್ಚಿ ಬಂದಿದ್ದಾರೆ. ಬೆಳಗ್ಗೆ ಕಾಗೆಗಳು ಸೇರಿದ್ದು ಕಂಡು ಹೋದೆ. ಗೊರಸು ಇನ್ನೂ ಬೆಳ್ಳಗೆ, ಮೆತ್ತಗೆ ಉಂಟು. ಮಣ್ಣು ಮಾಡುವ ಅಂದ್ರೆ ಕೆಡ್ಡಸ, ಗುದ್ದಲಿ ಹಾಕುವ ಹಾಗಿಲ್ಲ. ಕಲ್ಲು ಹೊತ್ತು ತಂದು ಮೇಲಿಟ್ಟು ಬಂದಿದ್ದೇನೆ. ಭೂಮಿಗೆ ನೋವಾಗ್ತದೆ ಅಂತ ನನಗೆ ಒಂದು ಹುಲ್ಲು ಕೀಳ್ಲಿಕ್ಕೆ ಬಿಡುವುದಿಲ್ಲ ನೀವು. ಅದೇ ದಿನ ಗಬ್ಬದ ಪ್ರಾಣಿಯ ಹೊಟ್ಟೆ ಕೊಯ್ಲಿಕ್ಕೆ ಆಗ್ತದಾ?”

ಹೇಳುತ್ತ ಹೇಳುತ್ತ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ನಿಮ್ಮ ಕಾಲದಲ್ಲಿ ಎಂತ ಇತ್ತು, ನೀವೇ ಹೇಳಿ. ಕೆಡ್ಡಸಕ್ಕೆ ಒಂದೇ ಪ್ರಾಣಿ, ಅದೂ ಗಂಡು. ಹೆಣ್ಣು ಎದ್ದರೆ ಕೋವಿ ಕೆಳಗೆ. ಕೆಳಗೆ ಇಳಿಸದವನ ಕೋವಿ ಕಿತ್ತು ತೋಡಿಗೆ ಎಸೆದವರು ನೀವು ಅಂತ ನನ್ನ ಗಂಡ ಹೇಳ್ತಿದ್ರು.”

ಶೀನಪ್ಪ ಬಾಯಲ್ಲಿದ್ದ ವೀಳ್ಯ ಜಗಿಯುವುದನ್ನು ನಿಲ್ಲಿಸಿದ್ದರು. “ಆಗ ಕೇಳುವವರು ಇದ್ದರು ಮಗಾ,” ಎಂದರು ಮೆಲ್ಲಗೆ.

“ಅಜ್ಜ, ಹಳೇ ಕಥೆ ಈಗ ಬೇಡ,” ಜಿತೇಶ್ ಎದ್ದು ನಿಂತ. ತಿಳಿಹೇಳುವ ದನಿ ಹೋಗಿತ್ತು. “ಮಾಮಿ, ಗುರುವಾರ ಕಟ್ಟದ ನೀರು ನಿಮ್ಮ ಸರದಿ ಅಲ್ವಾ? ಈ ವರ್ಷ ಕಟ್ಟ ನೋಡಿಕೊಳ್ಳುವುದು ನಾವು. ಅಲಸಂಡೆ ಮತ್ತೆ ಹೂ ಬಿಟ್ಟಿದೆ. ಯೋಚನೆ ಮಾಡಿ.”

ಅಲ್ಲಿಗೆ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಊರವರೆಲ್ಲ ಸೇರಿ ಡಿಸೆಂಬರಿನಲ್ಲಿ ಕಲ್ಲು ಮಣ್ಣು ಹಾಕಿ ತೋಡಿಗೆ ಕಟ್ಟುವ ಕಟ್ಟ ಅದು. ಮಳೆ ಬರುವವರೆಗೆ ಗದ್ದೆಗಳಿಗೆಲ್ಲ ಅದೇ ಗತಿ. ಹೂ ಬಿಟ್ಟ ಅಲಸಂಡೆಗೆ ಈ ಬಿಸಿಲಲ್ಲಿ ಒಂದು ಸರದಿ ತಪ್ಪಿದರೆ ಹೂವೆಲ್ಲ ನೆಲಕ್ಕೆ. ಕಡವೆ ಉಳಿಸಿದ್ದನ್ನು ಜಿತೇಶ್ ಒಣಗಿಸುತ್ತಾನೆ. ಅವಳಿಗೆ ಹೆದರಿಕೆಯಾಯಿತು, ಯಾಕೆ ಸುಳ್ಳು ಹೇಳಬೇಕು? ಆದರೆ ಹೆದರಿಕೆಯ ಬೆನ್ನಿಗೇ ಇನ್ನೊಂದು ಎದ್ದು ಬಂತು. ಗಂಡ ಸತ್ತ ವರ್ಷ “ಗದ್ದೆ ಮಾರಿಬಿಡು” ಎಂದವರ ಎದುರು ಬಂದಿತ್ತಲ್ಲ, ಅದೇ ಹಠ.

“ಯೋಚನೆ ಮಾಡಿ ಆಯ್ತು. ನಾನು ಹೊಡೆದಿದ್ದರೆ ಹೊಡೆದೆ ಅಂತ ನಾನೇ ಹೇಳ್ತಿದ್ದೆ. ಹೊಡೆದದ್ದು ನೀನು. ಅದನ್ನೂ ನಾನೇ ಹೇಳ್ತೇನೆ.”

ಅಷ್ಟರಲ್ಲಿ ಇಲಾಖೆಯ ಜೀಪು ಅಂಗಳಕ್ಕೆ ಬಂತು. ಮೋಕ್ಷಿತಾ, ಜೊತೆಗೆ ಇಬ್ಬರು. ಪುತ್ತಿಗೆಯ ಕಡೆಯ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ. ಬೆಳಗ್ಗಿನಿಂದ ಇಪ್ಪತ್ತೊಂದು ಅಂಗಳ ಹತ್ತಿ ಇಳಿದ ಸುಸ್ತು ಮುಖದಲ್ಲಿ ಕಾಣುತ್ತಿತ್ತು. ಜಿತೇಶನನ್ನು ಕಂಡು ಅವಳು ಒಂದು ಕ್ಷಣ ತಡೆದಳು. ಆಮೇಲೆ ಎಲ್ಲ ಮನೆಯಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳಿದಳು.

“ಕಾಂತಿಯಕ್ಕ, ನಿಮ್ಮ ಮನೆಗೂ ಕುರಿ ಮಾಂಸವೇ ಬಂದದ್ದಾ?”

“ಕಡವೆ,” ಎಂದಳು ಕಾಂತಿ. ಪೊಟ್ಟಣವನ್ನು ಮೊಳೆಯಿಂದ ತೆಗೆದು ಮೋಕ್ಷಿತಾಳ ಎದುರಿನ ಜಗಲಿ ಕಟ್ಟೆಯ ಮೇಲಿಟ್ಟಳು. “ಗಬ್ಬದ ಕಡವೆ. ಹೊಡೆದದ್ದು ಇವನು. ಜೊತೆಗೆ ಯಾರಿದ್ರು ಅಂತ ನಾನು ನೋಡಿಲ್ಲ, ನೋಡದ್ದನ್ನು ಹೇಳುವುದಿಲ್ಲ. ಹೊಡೆದೆ ಅಂತ ಇವನೇ ಈಗ ಈ ಜಗಲಿಯಲ್ಲಿ ಕೂತು ಹೇಳಿದ್ದು. ಮರಿಯ ಮೇಲೆ ಕಲ್ಲು ಇಟ್ಟಿದ್ದೇನೆ, ಬನ್ನಿ ತೋರಿಸ್ತೇನೆ.”

ಜಿತೇಶ್ ಶೀನಪ್ಪನವರ ಕಡೆ ನೋಡಿದ. ಅವರು ಅಂಗಳದ ತುಳಸಿಯ ಕಡೆ ನೋಡುತ್ತಿದ್ದರು.

ತೋಡಿನ ಬದಿಯಲ್ಲಿ ಕಲ್ಲು ಸರಿಸಿ, ಫೋಟೋ ತೆಗೆದು, ಅಳತೆ ಹಿಡಿದು ಎಲ್ಲರೂ ಮತ್ತೆ ಜಗಲಿಗೆ ಬಂದರು. ಮೋಕ್ಷಿತಾ ಮಹಜರು ಬರೆದು ಪೆನ್ನು ಮುಂದೆ ಚಾಚಿದಳು. ಕಾಂತಿ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದಳು. ಪೆನ್ನು ಮಾತ್ರ ಮುಟ್ಟಲಿಲ್ಲ.

“ನನ್ನ ಐದು ಅರ್ಜಿಯದ್ದು ಇದರಲ್ಲಿ ಇಲ್ಲ.”

“ಅದು ಬೇರೆ ವಿಷಯ ಅಕ್ಕ. ಇದಕ್ಕೆ ಸೇರುವುದಿಲ್ಲ.”

“ಹೇಗೆ ಸೇರುವುದಿಲ್ಲ? ಕಡವೆ ಕಾಡಿನಲ್ಲಿ ಬಿದ್ದದ್ದಲ್ಲ, ನನ್ನ ಗದ್ದೆಯಲ್ಲಿ. ಎರಡು ತಿಂಗಳಿನಿಂದ ಬರ್ತಾ ಉಂಟು ಅಂತ ನಿಮ್ಮವರಿಗೆ ಐದು ಸಲ ಬರೆದಿದ್ದೇನೆ. ಒಬ್ಬರು ಬಂದು ನೋಡಿದ್ದುಂಟಾ? ಸತ್ತಾಗ ಜೀಪು ಬರ್ತದೆ, ತಿನ್ನುವಾಗ ಬರುವುದಿಲ್ಲ. ಅದನ್ನೂ ಬರೀರಿ. ಬರೆದ್ರೆ ಸಹಿ. ಇಲ್ಲದಿದ್ರೆ ಇಪ್ಪತ್ತೊಂದು ಮನೆಯಲ್ಲಿ ಕುರಿ, ಇಲ್ಲೂ ಕುರಿ ಅಂತ ಬರೆದುಕೊಂಡು ಹೋಗಿ.”

ಜೊತೆಗೆ ಬಂದಿದ್ದವರಲ್ಲಿ ಒಬ್ಬ ನಗು ತಡೆಯಲು ಕೆಮ್ಮಿದ. ಮೋಕ್ಷಿತಾ ನಾಳೆ ಮೇಲಿನವರಿಂದ ಏನೇನು ಕೇಳಿಸಿಕೊಳ್ಳಬೇಕಾದೀತೋ ಎಂದು ಲೆಕ್ಕ ಹಾಕಿದಳೋ ಏನೋ. ಆಮೇಲೆ ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆಯತೊಡಗಿದಳು. “ತಾರೀಕು ಹೇಳಿ ಅಕ್ಕ.” ಕಾಂತಿ ಐದು ತಾರೀಕನ್ನೂ ತಡವರಿಸದೆ ಹೇಳಿದಳು. ಕೊನೆಗೆ ಇಂಗ್ಲಿಷಿನಲ್ಲಿ, ಶಾಲೆಯಲ್ಲಿ ಕಲಿತ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ, ಸಹಿ ಹಾಕಿದಳು.

ಜಿತೇಶನನ್ನು ಜೀಪಿಗೆ ಹತ್ತಿಸಿದರು. ಹತ್ತುವಾಗ ಅವನು ಅವಳ ಮುಖ ನೋಡಲಿಲ್ಲ. ಅವಳು ನೋಡಿದಳು. ಬೈಕು ಅಂಗಳದಲ್ಲೇ ಉಳಿಯಿತು. ಶೀನಪ್ಪ ಕೋಲೂರಿಕೊಂಡು ನಡೆದೇ ಹೋದರು. ಒಲೆಯ ಮೇಲೆ ಅಕ್ಕಿ ಸೀದುಹೋಗಿತ್ತು.

ಬುಧವಾರ ಸಂಜೆ ಹೆಂಗಸರು ಎಣ್ಣೆ, ಸೀಗೆ, ಅರಿಶಿನ ಇಟ್ಟು ಭೂಮಿತಾಯಿಯನ್ನು ಮೀಯಿಸಿದರು. ಕಾಂತಿಯ ಅಂಗಳಕ್ಕೆ ನನ್ನೆರಿ ಹಂಚಲು ಯಾರೂ ಬರಲಿಲ್ಲ. ಅವಳು ತನ್ನ ಪಾಡಿಗೆ ನೆಲಕ್ಕೆ ಎಣ್ಣೆ ಬಿಟ್ಟು, ಸೀದ ವಾಸನೆಯ ನನ್ನೆರಿ ತಿಂದಳು. ಅಳು ಬಂತು. ಅತ್ತಳು. ಆದರೆ ಸಹಿ ಹಾಕಿದ್ದಕ್ಕೆ ಅತ್ತದ್ದಲ್ಲ.

ಗುರುವಾರ ಅವಳ ಸರದಿ ಹನ್ನೊಂದಕ್ಕೆ. ಹತ್ತೂವರೆಗೇ ಗುದ್ದಲಿ ಹೆಗಲಿಗಿಟ್ಟು, ಡಿಪೋದ ಎದುರಿನ ದಾರಿಯಲ್ಲೇ, ನಾಲ್ಕು ಜನ ನೋಡಲಿ ಎಂದು ನಡೆದು ಹೋದಳು. ಕಟ್ಟದ ಮೇಲೆ ಜಿತೇಶನ ತಮ್ಮ ಶಿಶಿರ್ ಕೈಕಟ್ಟಿ ನಿಂತಿದ್ದ. ಅವನ ಹಿಂದೆ, ನೀರು ಬಿಡುವ ಬಾಯಿಯ ಪಕ್ಕದ ಕಲ್ಲಿನ ಮೇಲೆ ಶೀನಪ್ಪ ಕೂತಿದ್ದರು. ಈ ಕಾಲಿನಲ್ಲಿ ಇಲ್ಲಿವರೆಗೆ ಹೇಗೆ ಇಳಿದು ಬಂದರೋ!

“ನೀರು ಇಲ್ಲ,” ಎಂದ ಶಿಶಿರ್.

“ಕಾಣ್ತಾ ಉಂಟಲ್ಲ, ಇಷ್ಟು ನೀರು.”

“ನಿಮಗೆ ಇಲ್ಲ.”

ಕಾಂತಿ ಗುದ್ದಲಿ ಕೆಳಗಿಳಿಸಿ ಹಿಡಿ ಗಟ್ಟಿ ಮಾಡಿಕೊಂಡಳು. ಹೊಡೆದಾಡಿಯಾದರೂ ಬಿಡಿಸಿಕೊಳ್ಳುತ್ತೇನೆ ಎಂದೇ ಬಂದಿದ್ದಳು.

ಶೀನಪ್ಪ ಸೊಂಟದ ಮಡಿಕೆಯಿಂದ ಹಳೆಯ ಕೈಗಡಿಯಾರ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ನಿನ್ನ ಸರದಿ ಹನ್ನೊಂದಕ್ಕಲ್ವಾ ಕಾಂತಿ. ಇನ್ನೂ ಹತ್ತು ನಿಮಿಷ ಉಂಟು. ಅಲ್ಲಿವರೆಗೆ ಮುಟ್ಲಿಕ್ಕಿಲ್ಲ,” ಎಂದರು. ಆಮೇಲೆ ಶಿಶಿರನ ಕಡೆ ತಿರುಗಿ, “ಹನ್ನೊಂದಾದ ಮೇಲೆ ನೀನೂ ಅಲ್ಲಿ ನಿಲ್ಲುವ ಹಾಗಿಲ್ಲ,” ಎಂದರು.

ಮೂವರೂ ಹತ್ತು ನಿಮಿಷ ಕಾದರು. ಮುದುಕರು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಶಿಶಿರ್ ಮೊದಲು ಒಂದು ಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ನಿಂತ. ಕೊನೆಗೆ ಏನೋ ಗೊಣಗಿ ದಿಬ್ಬ ಹತ್ತಿ ಹೋದ.

“ಹಾಂ. ಹಾಕು,” ಎಂದರು ಶೀನಪ್ಪ.

ಮೂರು ದಿನದ ನಂತರ ಮಣ್ಣಿಗೆ ಬಿದ್ದ ಗುದ್ದಲಿ ಸಲೀಸಾಗಿ ಇಳಿಯಿತು. ಕಾಂತಿ ಕಟ್ಟದ ಬಾಯಿ ಬಿಡಿಸಿ, ನೀರಿನ ಜೊತೆಜೊತೆಗೇ ಗದ್ದೆಯವರೆಗೆ ನಡೆದಳು. ಬೆಳಗ್ಗೆ ಇನ್ನೊಂದು ಕಡವೆ ಬಂದು ಹೋಗಿತ್ತು. ಎರಡನೇ ಸಾಲಿನಲ್ಲಿ ಬಳ್ಳಿ ಎಳೆದಿತ್ತು. “ನಿನ್ನ ವಂಶ ಹಾಳಾಗ,” ಎಂದು ಅವಳು ಕಾಡಿನ ಕಡೆ ತಿರುಗಿ ಗಟ್ಟಿಯಾಗಿ ಬೈದಳು. ನೀರು ಸಾಲಿನೊಳಗೆ ಹರಿದು ಬಂದು ಒಂದು ಗೊರಸಿನ ಗುರುತನ್ನು ತುಂಬಿತು, ಸ್ವಲ್ಪ ನಿಂತಿತು, ಆಮೇಲೆ ಮುಂದಿನದಕ್ಕೆ ಹೋಯಿತು.