ವಾಪಸಕ್ಕ

ವಾರ್ಡಿನವರು ನನಗಿಟ್ಟ ಹೆಸರು ವಾಪಸಕ್ಕ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ನಾನೇನು ಕಿವುಡಿಯಲ್ಲ. ಹದಿನೇಳು ವರ್ಷದಿಂದ ಈ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಸರಿಯಾಗಿ ತೆಗೆಯದ ರಕ್ತ ಬಂದರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತೇನೆ. ಸಿರಿಂಜನ್ನು ರಭಸದಿಂದ ಎಳೆದರೆ ಸಾಕು, ರಕ್ತದ ಕಣಗಳು ಒಡೆದುಹೋಗುತ್ತವೆ. ಟ್ಯೂಬನ್ನು ಮೆಷಿನ್ನಿನಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ, ತಿಳಿಹಳದಿ ಇರಬೇಕಾದ ನೀರು ಗುಲಾಬಿಯಾಗಿರುತ್ತದೆ. ಅದರಲ್ಲಿ ಮಾಡಿದ ರಿಪೋರ್ಟು ನಂಬುವ ಹಾಗಿಲ್ಲ. ಗುಲಾಬಿ ಕಂಡರೆ ವಾಪಸ್, ಅದು ನನ್ನ ಕಾನೂನು.

ಆ ದಿನ ಬೆಳಿಗ್ಗೆ ಹೆರಿಗೆ ವಾರ್ಡಿಗೆ ಸೇರಿದ್ದವಳು ನನ್ನ ಸ್ವಂತ ತಂಗಿ. ಎರಡು ಸಲ ಬಸಿರು ನಿಲ್ಲದೆ, ಮೂರನೆಯದು ಹೇಗೋ ಏಳು ತಿಂಗಳು ದಾಟಿತ್ತು. ಈಗ ಬಿಪಿ ಏರಿ, ಮುಖ ಊದಿ, ಗುರುತೇ ಸಿಗದ ಹಾಗಾಗಿದ್ದಳು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ರಕ್ತದ ರಿಪೋರ್ಟ್ ಬರ್ಲಿ. ಪ್ಲೇಟ್‌ಲೆಟ್, ಲಿವರ್, ಎಲ್‌ಡಿಎಚ್ ಮೂರೂ ಸರಿ ಇದ್ರೆ ಎರಡು ದಿನ ಕಾಯೋಣ, ಮಗು ಶ್ವಾಸಕೋಶ ಸ್ವಲ್ಪ ಗಟ್ಟಿಯಾಗತ್ತೆ. ಕೆಟ್ಟಿದ್ರೆ ಒಂದು ಗಂಟೇನೂ ಕಾಯೋ ಹಾಗಿಲ್ಲ. ತಾಯಿ ಕೈತಪ್ಪಿ ಹೋಗ್ತಾಳೆ."

ತಂಗಿ ನನ್ನ ಕೈ ಹಿಡಿದು ನಕ್ಕಳು. "ನನ್ನ ರಕ್ತಾನೂ ವಾಪಸ್ ಕಳಿಸ್ತೀಯೇನೇ ಅಕ್ಕ?"

"ತಂಗಿ ಅಂತ ರಿಯಾಯಿತಿ ಇಲ್ಲ," ಎಂದೆ. ಅದನ್ನು ಹೇಳಿದ ನಾಲಿಗೆಯನ್ನು ಈಗ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಹತ್ತು ಗಂಟೆಗೆ ಟ್ಯೂಬು ಬಂತು. ತಿರುಗಿಸಿದೆ. ಗುಲಾಬಿ. ರಕ್ತ ತೆಗೆದವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗದ ಹೊಸ ನರ್ಸು. ನನ್ನ ಪಿತ್ತ ನೆತ್ತಿಗೇರಿತು. ಪ್ಲೇಟ್‌ಲೆಟ್ಟಿಗೆಂದು ಕಳಿಸಿದ ಇನ್ನೊಂದು ಟ್ಯೂಬೂ ಅದೇ ಚುಚ್ಚಿನದು ತಾನೆ, ಅದೂ ಬೇಡವೆಂದು ಎರಡರ ಮೇಲೂ ಕೆಂಪು ಪೆನ್ನಿನಲ್ಲಿ 'ತೆಗೆದವರ ತಪ್ಪು' ಎಂದು ಬರೆದು ಅವಳಿಗೆ ಫೋನ್ ಮಾಡಿದೆ.

"ಕೈಯಲ್ಲಿ ಏನು ಸುತ್ತಿಗೆ ಹಿಡ್ಕೊಂಡಿದ್ದೀಯಾ? ಇನ್ನೊಂದ್ಸಲ ತೆಗಿ."

"ಅಕ್ಕ, ಅವರ ಕೈಯೆಲ್ಲ ಊದಿದೆ, ನರಾನೇ ಸಿಗ್ತಿಲ್ಲ..."

"ನೆಪ ಬೇಡ."

ಎರಡನೆಯದು ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಮೆಷಿನ್ನಿನ ಮುಚ್ಚಳ ತೆಗೆದೆ. ಮತ್ತೆ ಗುಲಾಬಿ, ಮೊದಲಿಗಿಂತ ಗಾಢ. ಫೋನ್ ಎತ್ತಿ ಬಾಯಿಗೆ ಬಂದಂತೆ ಬೈದೆ. ಅವಳು ಅಳುತ್ತಲೇ ಉತ್ತರಿಸಿದಳು.

"ದಪ್ಪ ಸೂಜಿ ಹಾಕಿ ನಿಧಾನಕ್ಕೇ ತೆಗ್ದೆ ಅಕ್ಕ, ದೇವರಾಣೆ. ಬೆಳಿಗ್ಗೆಯಿಂದ ಇನ್ನೂ ನಾಲ್ಕು ಜನರದ್ದು ತೆಗ್ದಿದ್ದೀನಿ, ಬೇಕಿದ್ರೆ ನೋಡಿ. ಇವರು ಬಲಗಡೆ ಪಕ್ಕೆ ಕೆಳಗೆ ನೋವು ಅಂತ ಒದ್ದಾಡ್ತಿದ್ದಾರೆ."

ಸ್ಟ್ಯಾಂಡಿನತ್ತ ತಿರುಗಿದೆ. ಅವಳು ತೆಗೆದ ನಾಲ್ಕು ಟ್ಯೂಬುಗಳೂ ಅಲ್ಲೇ ಇದ್ದವು. ನಾಲ್ಕರಲ್ಲೂ ಮೇಲಿನ ನೀರು ತಿಳಿಹಳದಿ, ಸ್ವಚ್ಛ. ತೆಗೆದದ್ದು ಅದೇ ಕೈ.

ರಕ್ತ ಸಿರಿಂಜಿನಲ್ಲಿ ಒಡೆದಿರಲಿಲ್ಲ. ನನ್ನ ತಂಗಿಯ ಮೈಯೊಳಗೇ ಒಡೆಯುತ್ತಿತ್ತು. ಬಸಿರಿನಲ್ಲಿ ಬಿಪಿ ಮಿತಿಮೀರಿದರೆ ಹೀಗೂ ಆಗುತ್ತದೆಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ವಾಪಸ್ ಕಳಿಸಿ ಕಳಿಸಿ ಅದು ಮರೆತೇ ಹೋಗಿತ್ತು. ನಾನು ಹುಡುಕಬೇಕಾಗಿದ್ದ ಉತ್ತರ ಆ ಗುಲಾಬಿ ಬಣ್ಣವೇ ಆಗಿತ್ತು, ಅದನ್ನೇ ಕಸವೆಂದು ಪಕ್ಕಕ್ಕಿಟ್ಟಿದ್ದೆ.

ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದುಂಡಗಿರಬೇಕಾದ ಕಣಗಳಲ್ಲಿ ಎಷ್ಟೋ ಒಡೆದ ತಟ್ಟೆಯ ಚೂರಿನಂತಿದ್ದವು. ಒಂದೂವರೆ ಲಕ್ಷಕ್ಕೆ ಮೇಲಿರಬೇಕಾದ ಪ್ಲೇಟ್‌ಲೆಟ್ ನಲವತ್ತೊಂದು ಸಾವಿರ. ಲಿವರಿನ ಅಂಕಿ ಇರಬೇಕಾದ್ದಕ್ಕಿಂತ ಆರು ಪಟ್ಟು. ರಕ್ತಕಣ ಒಡೆದಷ್ಟೂ ಏರುವ, ಇನ್ನೂರೈವತ್ತರೊಳಗೆ ಇರಬೇಕಾದ ಎಲ್‌ಡಿಎಚ್ ಸಾವಿರದ ಏಳುನೂರು ದಾಟಿತ್ತು. ರಿಪೋರ್ಟ್ ಅಚ್ಚಾಗುವವರೆಗೂ ಕಾಯದೆ ಡಾಕ್ಟರಮ್ಮನಿಗೆ ಫೋನಿನಲ್ಲೇ ಕೂಗಿ ಹೇಳಿದೆ. ಹತ್ತು ನಿಮಿಷದಲ್ಲಿ ತಂಗಿಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು. ನಾನು ಮೆಟ್ಟಿಲು ಹತ್ತಿ ಓಡಿಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಬಾಗಿಲ ಹೊರಗೆ ತಂಗಿಯ ಗಂಡ ನನ್ನ ಎರಡೂ ಕೈ ಹಿಡಿದುಕೊಂಡ. "ಅಕ್ಕ, ನೀವು ಲ್ಯಾಬಲ್ಲಿ ಇದ್ದಿದ್ದಕ್ಕೆ ಬೇಗ ಗೊತ್ತಾಯ್ತು. ನಿಮ್ಮ ಋಣ ತೀರ್ಸಕ್ಕಾಗಲ್ಲ."

ಸ್ವಲ್ಪ ದೂರದಲ್ಲಿ ಆ ನರ್ಸು ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಹೇಳಿಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಬೇಗ ಅಲ್ಲಪ್ಪ," ಎಂದೆ. "ಹತ್ತು ಗಂಟೆಗೇ ಗೊತ್ತಾಗ್ಬೇಕಿತ್ತು. ಈ ಹುಡುಗಿ ಸರಿಯಾಗೇ ತೆಗ್ದಿದ್ಲು. ವಾಪಸ್ ಕಳಿಸಿದ್ದು ನಾನು."

ಅವನ ಕೈ ಮೆಲ್ಲಗೆ ಸಡಿಲವಾಯಿತು. ಹೋಗಿ ಬೆಂಚಿನ ಮೇಲೆ ಕುಳಿತ.

ಒಳಗಿನಿಂದ ಮಗುವಿನ ಅಳು ಕೇಳಿಸಿತು, ತೀರಾ ಸಣ್ಣದು, ನಿಂತು ನಿಂತು. ಅವನು ಎದ್ದು ನಿಂತ. ಬಾಗಿಲು ತೆರೆದು ಡಾಕ್ಟರಮ್ಮ ಒಂದು ಟ್ಯೂಬನ್ನು ನರ್ಸಿನ ಕೈಗಿತ್ತು, "ರಕ್ತ ನಿಲ್ತಿಲ್ಲ, ಬೇಗ ರಿಪೋರ್ಟ್ ಬೇಕು," ಎಂದು ಮತ್ತೆ ಒಳಹೋದರು. ನರ್ಸು ಅದನ್ನು ನನ್ನ ಅಂಗೈಯಲ್ಲಿಟ್ಟಳು. "ಓಡಿ ಅಕ್ಕ."

ಟ್ಯೂಬು ಇನ್ನೂ ಬೆಚ್ಚಗಿತ್ತು. ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿದೆ. ಇದೂ ಗುಲಾಬಿಯಾದರೆ ಯಾರಿಗೆ ವಾಪಸ್ ಕಳಿಸಲಿ?