ಲೈಬ್ರರಿ ತಾರಾನಾಥ

ತನಗೆ ಮುಂಬೈ ತೋರಿಸಲೇಬೇಕೆಂದು ಹೆಂಡತಿ ಉಮಾವತಿ ಹಟ ಹಿಡಿದದ್ದರಿಂದ ತಾರಾನಾಥ ಅವಳನ್ನು ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿಸಿ ಕರೆತಂದ. ಗೇಟ್‌ವೇ ಆಫ್ ಇಂಡಿಯಾ ನೋಡಿದ್ದಾಯಿತು. ಇನ್ನು ಉಳಿದದ್ದು ಆ ಹಳೆಯ ದೊಡ್ಡ ಗ್ರಂಥಾಲಯ. ಹರೆಯದಿಂದ ನಿವೃತ್ತಿಯವರೆಗೂ ಅದರ ಕ್ಯಾಂಟೀನಿನಲ್ಲಿ ದೋಸೆ ಹೊಯ್ದ ಅವನನ್ನು ನೆಂಟರೆಲ್ಲ ಲೈಬ್ರರಿ ತಾರಾನಾಥ ಎಂದೇ ಕರೆಯುತ್ತಿದ್ದರು.

ಆದರೆ ಗೇಟ್‌ವೇ ಕಡೆಯಿಂದ ದಾರಿ ಕೇಳುತ್ತ ಬಂದು ಬಿಳಿ ಮೆಟ್ಟಿಲು, ದಪ್ಪ ಕಂಬಗಳ ಮುಂದೆ ನಿಂತಾಗ ಅವನ ತಲೆ ಗಿರ್ರೆಂದಿತು.

“ಇದಲ್ಲ ಮಾರಾಯ್ತಿ. ನಮ್ಮದು ಇಷ್ಟು ದೊಡ್ಡದಿಲ್ಲ.”

“ಬೋರ್ಡಿನಲ್ಲಿ ಅದೇ ಹೆಸರುಂಟಲ್ಲ?”

ಹೆಸರೇನೋ ಅದೇ. ಹಾಗಾದರೆ ತುಕ್ಕು ಹಿಡಿದ ಗೇಟೆಲ್ಲಿ, ಹಾಲಿನ ಕ್ರೇಟುಗಳೆಲ್ಲಿ?

“ನೀವು ನಿಜವಾಗಿ ಎಲ್ಲಿಗೆ ಹೋಗ್ತಾ ಇದ್ದದ್ದು?” ಉಮಾವತಿ ಅವನ ಮುಖವನ್ನೇ ನೋಡಿದಳು. ಅವನಿಗೂ ಅದೇ ಸಂಶಯ ಹತ್ತಿತು.

ಅವಳ ಕೈ ಹಿಡಿದು ಕಟ್ಟಡವನ್ನು ಸುತ್ತಿದ. ಹಿಂದಿನ ಗಲ್ಲಿಯಲ್ಲಿ ಸಾಂಬಾರಿನ ವಾಸನೆ, ಸೋರುವ ನಲ್ಲಿ, ಅದೇ ಗೇಟು.

“ಇದು! ಇದೇ ಲೈಬ್ರರಿ!”

ಬೆಳಿಗ್ಗೆ ಇದೇ ಗೇಟಿನಿಂದ ಒಳಹೊಕ್ಕು, ಸಂಜೆಯ ಲೋಕಲ್ ತಪ್ಪಿದರೆ ನಿಲ್ಲಲೂ ಜಾಗ ಸಿಗದೆಂದು ಗೇಟಿನಿಂದ ನೇರ ಸ್ಟೇಷನ್ನಿಗೆ ಓಡುತ್ತಿದ್ದವನು ಒಂದು ದಿನವೂ ಕಟ್ಟಡದ ಮುಂಭಾಗಕ್ಕೆ ಬಂದಿರಲಿಲ್ಲ.

ಉಮಾವತಿ ಗೋಣಿಚೀಲಗಳನ್ನೂ ಚರಂಡಿಯನ್ನೂ ನೋಡಿದಳು. ಆಮೇಲೆ, “ಬನ್ನಿ, ಇವತ್ತು ಎದುರಿನಿಂದಲೇ ಹೋಗುವ” ಎಂದಳು.

ಮೆಟ್ಟಿಲ ಮೇಲೆ ವಾಚ್‌ಮನ್ ಹಿಂದಿಯಲ್ಲಿ, ಮೊದಲ ಸಲ ಬಂದದ್ದೇ ಎಂದು ಕೇಳಿದ. ಉಮಾವತಿ ಜಂಬದಿಂದ ಬಾಯಿ ತೆರೆದಳು. ತಾರಾನಾಥ ಮೆಲ್ಲನೆ ಅವಳ ಕೈ ಅದುಮಿದ.

“ಹಾಂ ಭಾಯಿ, ಪೆಹಲೀ ಬಾರ್.”