ಮಗ್ಗದ ಕೆಮ್ಮು

ಗುರುಬಸವ್ವ ದವಾಖಾನೆಯಿಂದ ಮನೆಗೆ ಬಂದಾಗ ಬೀಗತಿ ಪದ್ಮವ್ವ ಹೊರಸಿನ ಮೇಲೆ ಕೂತು ಕೂಸಿನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮೊಮ್ಮಗಳನ್ನು ನೋಡಲು ಮುಧೋಳದಿಂದ ಬಂದಿದ್ದಳು. ಪಕ್ಕದಲ್ಲಿ ಬಾಣಂತಿಗೆಂದು ತಂದ ಅಂಟಿನ ಉಂಡಿಯ ಡಬ್ಬಿ. ಗುರುಬಸವ್ವ ಹೊಸ್ತಿಲ ಹೊರಗೇ ನಿಂತು ಗುಳಿಗೆಯ ಪೊಟ್ಟಣವನ್ನು ಸೆರಗಿನೊಳಗೆ ಸರಿಸಿದಳು.

"ಬಾಣಂತಿನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಿ ತಿರಗಾಕತ್ತೀರಿ ಬೀಗತೇರ?"

"ದವಾಖಾನಿಗೆ ಹೋಗಿದ್ನಿರಿ. ಕೆಮ್ಮು."

"ಬನಹಟ್ಟಿ ಮಂದಿಗೆ ಕೆಮ್ಮು ಹೊಸಾದೇನು? ನಿಮ್ಮೂರಾಗ ಕೂಸು ಕೆಮ್ಮಕೋತನ ಹುಟ್ಟತೈತಿ!"

ಗೋಡೆಗೆ ಒರಗಿ ಕೂತಿದ್ದ ಮಗಳು ದಾನೇಶ್ವರಿ ನಕ್ಕಳು. "ಯವ್ವಂದು ಮಗ್ಗದ ಕೆಮ್ಮರೀ ಅತ್ತಿ."

ಆ ಓಣಿಯಲ್ಲಿ ಮಗ್ಗದ ಕೆಮ್ಮನ್ನು ಯಾರೂ ಜಡ್ಡು ಎನ್ನುವುದಿಲ್ಲ. ಕಾರ್ಖಾನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಹೆಂಗಸರ ಹುಬ್ಬು, ಮೂಗು, ತಲೆಗೂದಲಲ್ಲೆಲ್ಲ ನೂಲಿನ ಧೂಳು ಕೂತಿರುತ್ತದೆ. ಕೆಮ್ಮುತ್ತಾರೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮತ್ತೆ ಸುತ್ತುತ್ತಾರೆ. ಆದರೆ ಆ ಕೆಮ್ಮಿಗೆ ಒಂದು ರೀತಿ ಇದೆ. ಮಗ್ಗಕ್ಕೆ ಸೂಟಿ ಇದ್ದ ದಿನ ಅದಕ್ಕೂ ಸೂಟಿ. ಮಗಳ ಬಾಣಂತನಕ್ಕೆಂದು ಗುರುಬಸವ್ವ ಕೆಲಸ ಬಿಟ್ಟು ಎರಡು ವಾರವಾಗಿತ್ತು. ಧೂಳು ದೂರವಾಗಿದ್ದರೂ ಕೆಮ್ಮು ಬಲಿತಿತ್ತು. ಒಂದರ ಹಿಂದೆ ಒಂದು, ಉಸಿರಿಗೂ ಬಿಡುವು ಕೊಡದೆ, ಕಡೆಗೆ ಉಂಡದ್ದನ್ನೂ ಕಕ್ಕಿಸಿಬಿಡುತ್ತಿತ್ತು. ಇವತ್ತು ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವಾಗ ಕೆಮ್ಮು ಬಂದು ಅದು ಕೈಯಿಂದ ಜಾರಿತ್ತು. ಹೆದರಿ ದವಾಖಾನೆಗೆ ಹೋಗಿದ್ದಳು.

ಡಾಕ್ಟರು ಎಲ್ಲ ಕೇಳಿಕೊಂಡು, "ಇದು ನಾಯಿಕೆಮ್ಮು ಇದ್ದಂಗೈತಿ. ನಿಮಗ ಕೆಮ್ಮಷ್ಟ. ಹಸುಗೂಸಿಗೆ ಹತ್ತಿದ್ರ ಅದಕ್ಕ ಕೆಮ್ಮಾಕೂ ಬರೂದಿಲ್ಲ, ಉಸಿರ ನಿಲ್ಲಬಹುದು. ಅದು ಬರದಂಗ ಹಾಕೂ ಸೂಜಿ ಸುರು ಆಗೂದು ಒಂದೂವರಿ ತಿಂಗಳಿಗೆ. ಈ ಗುಳಿಗಿ ಮುಗಿಯೂ ತನಕ ಅದರ ಹಂತೇಕ ಹೋಗಬ್ಯಾಡ್ರಿ. ತಾಯಿನ್ನೂ ಕೂಸಿನ್ನೂ ಇವತ್ತ ತೋರಸ್ರಿ" ಎಂದಿದ್ದರು.

ಇರುವುದು ಒಂದೇ ಖೋಲಿ, ಮೂಲೆಯಲ್ಲಿ ಅರ್ಧ ಗೋಡೆ ಎತ್ತಿದ ಅಡುಗೆಮನೆ. ಹೇಳಿದರೆ ಪದ್ಮವ್ವ ಇಬ್ಬರನ್ನೂ ಈಗಲೇ ಕರೆದೊಯ್ಯುತ್ತಾಳೆ. ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಮಗ್ಗದ ಕೆಮ್ಮು ಎಂದರೆ ಊರೇ ಒಪ್ಪುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡರಾಯಿತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಗಂಡ ಸತ್ತ ಮೇಲೆ ಮಗಳಿದ್ದಳು. ಮಗಳು ಮದುವೆಯಾಗಿ ಹೋದ ಮೇಲೆ ಒಂದು ರೊಟ್ಟಿ ಬಡಿದು, ಅರ್ಧ ತಿಂದು, ಉಳಿದರ್ಧವನ್ನು ನಾಳೆಗೆ ಮುಚ್ಚಿಡುತ್ತಿದ್ದಳು. ಮಗಳು ಬಸುರಿ ಎಂದು ತಿಳಿದಾಗಿನಿಂದ ಈ ಬಾಣಂತನದ ದಾರಿಯನ್ನೇ ಕಾದಿದ್ದಳು.

ಕೂಸು ಅಳತೊಡಗಿತು. ಪದ್ಮವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದಳು.

"ಹಿಡೀರಿ, ಇದರವ್ವಗ ಕೊಡ್ರಿ. ಹಸದೈತಿ. ನನ್ನ ಮೊಣಕಾಲಿಗೆ ಕುಂತ್ರ ಏಳಾಕ ಬರೂದಿಲ್ಲ."

ಗುರುಬಸವ್ವ ಕೈ ಚಾಚಲಿಲ್ಲ. ಗಂಟಲಲ್ಲಿ ಕೆಮ್ಮು ಎದ್ದಿತು. ತಿರುಗಿ ಗಟಾರದ ತನಕ ಓಡಿ, ಕಂಬ ಹಿಡಿದು ಕೆಮ್ಮಿದಳು. ಮರಳಿ ಬಂದು ಹೊಸ್ತಿಲಾಚೆಯೇ ನಿಂತಳು.

"ಪದ್ಮವ್ವಾರ, ಇದು ಮಗ್ಗದ ಕೆಮ್ಮಲ್ರಿ. ನಾಯಿಕೆಮ್ಮಂತ. ಕೂಸಿಗೆ ಹತ್ತತೈತಂತ. ಇಬ್ಬರನ್ನೂ ಇವತ್ತ ಡಾಕ್ಟರಿಗೆ ತೋರಸ್ಕೊಂಡ ನಿಮ್ಮ ಮನಿಗೆ ಕರಕೊಂಡ ಹೋಗ್ರಿ."

ಪದ್ಮವ್ವ ಕೂಸನ್ನು ಎದೆಗೆ ಒತ್ತಿಕೊಂಡಳು. "ಇಷ್ಟ ದಿನಾ ಎರದೀರಲ್ರೀ! ಬಾಯಾಗೇನ ಇಟ್ಕೊಂಡಿದ್ರಿ?"

"ಗೊತ್ತಿದ್ದಿಲ್ರಿ."

"ಯವ್ವಾ, ನೀ ಅಡಗಿಮನ್ಯಾಗ ಮಕ್ಕೊ. ನಾ ಹೋಗೂದಿಲ್ಲ," ಎಂದಳು ದಾನೇಶ್ವರಿ.

"ಅರ್ಧ ಗ್ವಾಡಿ ಕೆಮ್ಮ ತಡೀತೈತೇನ ಬೇ? ಸುಮ್ನ ಅರಿವಿ ಗಂಟ ಕಟ್ಟು."

"ಮತ್ತ ಐತವಾರ ತೊಟ್ಟಲಾ? ಇಲ್ಲೇ ಹಾಕೂದಿತ್ತಲ್ಲ."

ಉತ್ತರ ಕೊಟ್ಟದ್ದು ಪದ್ಮವ್ವ: "ನಮ್ಮಲ್ಲೇ ಹಾಕತೇವಿ. ಹಸೀ ಬಾಣಂತಿನ್ನ ಅತ್ತಾಗ ಇತ್ತಾಗ ಎಳದಾಡಾಕ ಆಗೂದಿಲ್ಲ."

ಆಟೋ ಬಂದಾಗ ಗುರುಬಸವ್ವ ಎದುರು ಮನೆಯ ಕಟ್ಟೆಯ ಬಳಿ ಹೋಗಿ ನಿಂತಳು. ದಾನೇಶ್ವರಿ ಕೂಸಿನ ಮುಖವನ್ನು ತಾಯಿಯ ಕಡೆ ತಿರುಗಿಸಿದಳು. ಅಷ್ಟು ದೂರಕ್ಕೆ ತಲೆಗೆ ಕಟ್ಟಿದ ಕುಂಚಿಗೆ ಮಾತ್ರ ಕಂಡಿತು. ಸಂಜೆ ಮಗಳ ಫೋನು ಬಂತು. ಕೂಸಿಗೆ ಔಷಧ ಕುಡಿಸಿದ್ದರು, ಮನೆಮಂದಿಗೆಲ್ಲ ಗುಳಿಗೆ ಬರೆದಿದ್ದರು. ಕೂಸು ಹಾಲು ಕುಡಿದು ಮಲಗಿತ್ತು. "ಉಸಿರು ನೋಡ್ಕೋತ ಇರು," ಎಂದಳು ಗುರುಬಸವ್ವ.

ಐತವಾರ ಮುಧೋಳದಲ್ಲಿ ತೊಟ್ಟಿಲು ಹಾಕಿದರು. ಗುರುಬಸವ್ವನ ಗುಳಿಗೆ ಇನ್ನೂ ಮುಗಿದಿರಲಿಲ್ಲ. ದಾನೇಶ್ವರಿ ವಿಡಿಯೋ ಕಾಲ್ ಹಚ್ಚಿ ಫೋನನ್ನು ಯಾರದೋ ಕೈಗೆ ಕೊಟ್ಟಳು. ಹೆಂಗಸರ ಬೆನ್ನು, ಹಸಿರು ಬಳೆ, ಸೂರಿಗೆ ಕಟ್ಟಿದ ಬಲೂನು ಕಂಡವು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಗದ್ದಲದಲ್ಲಿ ಯಾವ ಹೆಸರೆಂದು ಇವಳಿಗೆ ಕೇಳಲಿಲ್ಲ. ಆಮೇಲೆ ಯಾರೋ ಫೋನನ್ನು ತೊಟ್ಟಿಲೊಳಗೆ ಬಾಗಿಸಿದರು. ಪರದೆಯ ತುಂಬ ಕೂಸಿನ ಮುಖ. ಅದು ಬಾಯಿ ತೆರೆದು ಆಕಳಿಸಿತು.

ಗುರುಬಸವ್ವನ ಗಂಟಲು ಕೆರೆಯಿತು. ಆಕೆ ಫೋನನ್ನು ಕೈ ಚಾಚಿ ಆದಷ್ಟು ದೂರ ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿ ಕೆಮ್ಮಿದಳು.